ನೋವು ಬಾರದ ಬಸಿರು

ಫೋನು ಬಂದಾಗ ವೇದಾವತಿ ಬಸುರಿ ಮಂಗವೊಂದರ ಕಾಲಿನಿಂದ ರಕ್ತ ತೆಗೆಯುತ್ತಿದ್ದಳು. ಮುಂಬಯಿ ಹತ್ತಿರದ ಠಾಣೆ ಊರಿನ ಅಂಚಿನಲ್ಲಿ, ಗುಡ್ಡದ ಬುಡದಲ್ಲಿದ್ದ ಆ ಸಂಶೋಧನಾ ಕೇಂದ್ರಕ್ಕೆ ಅವಳು ಸೇರಿ ಹತ್ತು ವರ್ಷ ಕಳೆದಿತ್ತು. ಬಸುರಿ ಮಂಗಗಳ ರಕ್ತದಲ್ಲಿ ಹಾರ್ಮೋನುಗಳು ವಾರದಿಂದ ವಾರಕ್ಕೆ ಹೇಗೆ ಏರುತ್ತವೆ, ಯಾವುದು ಏರಿದ ಮೇಲೆ ಹೆರಿಗೆಯ ನೋವು ಶುರುವಾಗುತ್ತದೆ ಎಂದು ಅಳೆಯುವುದು ಅವಳ ಕೆಲಸ. ಈ ಕೆಲಸವನ್ನು ನೆಂಟರ ಮುಂದೆ ಹೇಗೆ ವಿವರಿಸುವುದೆಂದು ತಿಳಿಯದೆ ಅವಳ ತಾಯಿ ವಾರಿಜಮ್ಮ ಮಗಳು ಸರ್ಕಾರಿ ಆಫೀಸಿನಲ್ಲಿದ್ದಾಳೆ ಎಂದಷ್ಟೇ ಹೇಳುತ್ತಿದ್ದರು. ಮೂವತ್ತಾರು ದಾಟಿದರೂ ಮದುವೆಯಾಗದ ಹೆಣ್ಣು ಮಂಗಗಳ ಬಾಣಂತನ ಮಾಡುತ್ತಾಳೆ ಎಂದರೆ ಜನ ನಗದೆ ಇರುತ್ತಾರೆಯೇ.

ಫೋನು ಮಾಡಿದವನು ತಂಗಿ ಶ್ರೀವಾಣಿಯ ಗಂಡ ರಘುಪತಿ. ಕಲ್ಯಾಣ ಸ್ಟೇಷನ್ನಿನ ಎದುರು ಅವನದೊಂದು ಸಸ್ಯಾಹಾರಿ ಹೋಟೆಲಿತ್ತು. ಹಿಂದೆ ತಟ್ಟೆಲೋಟಗಳ ಸದ್ದು ಕೇಳುತ್ತಿತ್ತು. ಆದರೆ ಅವನ ದನಿ ಯಾವಾಗಿನಂತಿರಲಿಲ್ಲ.

"ವೇದಕ್ಕ, ಈಗಲೇ ಬರ್ಲಿಕ್ಕೆ ಆಗ್ತದಾ? ರಕ್ತದ ರಿಪೋರ್ಟ್ ಬಂದಿದೆ. ಡಾಕ್ಟ್ರು ಇವತ್ತೇ ಆಪರೇಶನ್ ಮಾಡಿ ಮಗುವನ್ನು ತೆಗೀಬೇಕು ಅಂತಿದ್ದಾರೆ."

ಶ್ರೀವಾಣಿಗೆ ಆಗ ಎಂಟು ತಿಂಗಳು ತುಂಬಿರಲಿಲ್ಲ.

ಬಸ್ಸು ಹಿಡಿದು ಠಾಣೆ ಸ್ಟೇಷನ್ನಿಗೆ ಬಂದು, ವೇದಾವತಿ ಕಲ್ಯಾಣದ ಸ್ಲೋ ಲೋಕಲ್ ರೈಲು ಹತ್ತಿದಳು. ಮಳೆಗೆ ಹೆದರಿ ಎಲ್ಲರೂ ಕಿಟಕಿ ಮುಚ್ಚಿದ್ದರಿಂದ ಲೇಡೀಸ್ ಡಬ್ಬಿಯಲ್ಲಿ ಉಸಿರು ಕಟ್ಟುತ್ತಿತ್ತು. ತಂಗಿಯ ಮೊದಲ ಬಸಿರು ಏಳನೆಯ ತಿಂಗಳಲ್ಲಿ ಹೋಗಿತ್ತು. ಹೆಣ್ಣು ಮಗು, ಹೊಟ್ಟೆಯಲ್ಲೇ ಸತ್ತಿತ್ತು. ಕಾರಣವೇನೆಂದು ಯಾರಿಗೂ ಹೇಳಲಾಗಲಿಲ್ಲ. ಆಮೇಲೆ ಶ್ರೀವಾಣಿ ಎರಡು ವರ್ಷ ಯಾರ ಮನೆಯ ನಾಮಕರಣಕ್ಕೂ ಹೋಗಿರಲಿಲ್ಲ. ಹಾಗಾಗಿ ಈ ಸಲ ಡಾಕ್ಟರ್ ಬಾಪಟ್ ಮೊದಲಿಂದಲೂ ಎಚ್ಚರವಾಗಿದ್ದರು. ಹೊಟ್ಟೆ ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲವೇನೋ ಎಂಬ ಅನುಮಾನ ಬಂದು, ರಕ್ತವನ್ನು ಮುಂಬಯಿಯ ದೊಡ್ಡ ಲ್ಯಾಬಿಗೆ ಕಳಿಸಿದವರೂ ಅವರೇ.

ನರ್ಸಿಂಗ್ ಹೋಮಿನಲ್ಲಿ ಬಾಪಟ್ ವರದಿಯನ್ನು ವೇದಾವತಿಯ ಕಡೆಗೆ ತಿರುಗಿಸಿ ಇಟ್ಟರು. ಐವತ್ತೈದರ ಆಸುಪಾಸಿನ, ಮೆಲುಮಾತಿನ ಮನುಷ್ಯ. ಇವಳ ಕೆಲಸ ಏನೆಂದು ಅವರಿಗೆ ಗೊತ್ತಿತ್ತು. ಎಸ್ಟ್ರಿಯಾಲ್ ಎಂಬ ಹಾರ್ಮೋನಿನ ಎದುರು ಇದ್ದ ಅಂಕಿಯನ್ನು ವೇದಾವತಿ ಎರಡು ಸಲ ಓದಿದಳು. ಅದು ಕಡಿಮೆ ಎನ್ನುವ ಹಾಗೂ ಇರಲಿಲ್ಲ. ಇಲ್ಲವೇ ಇಲ್ಲ ಎನ್ನುವಷ್ಟಿತ್ತು.

ಈ ಹಾರ್ಮೋನು ತಾಯಿಯೊಬ್ಬಳಿಂದಲೇ ಆಗುವಂಥದ್ದಲ್ಲ. ಮಗುವಿನ ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿ ಅದಕ್ಕೆ ಬೇಕಾದ ಕಚ್ಚಾವಸ್ತುವನ್ನು ಕಳಿಸುತ್ತದೆ. ಮಗುವನ್ನು ತಾಯಿಗೆ ಜೋಡಿಸುವ ಮಾಸು ಅದನ್ನು ಹಾರ್ಮೋನಾಗಿ ಮಾಡಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಅದು ಕುಸಿಯಿತೆಂದರೆ ಒಳಗೆ ಮಗು ಸೋಲುತ್ತಿದೆ ಎಂದೇ ವೈದ್ಯರು ಓದಿಕೊಂಡು ಬಂದದ್ದು. ಬಾಪಟ್ ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದರು. ಮಗುವಿನ ಎದೆಬಡಿತ ಈಗೇನೋ ಸರಿಯಿದೆ. ನಾಳೆಗೆ ಇರುತ್ತದೆಂದು ಹೇಳಲಾಗದು. ಹೊರಗೆ ತೆಗೆದರೆ ಇಷ್ಟು ಎಳೆಯ ಮಗುವಿಗೆ ಉಸಿರಾಟದ ಯಂತ್ರ ಬೇಕು, ಅದು ಕಲ್ಯಾಣದಲ್ಲಿಲ್ಲ. ಈ ಮಳೆಯಲ್ಲಿ ಆಂಬುಲೆನ್ಸಿನಲ್ಲಿ ಮುಂಬಯಿಗೆ ಒಯ್ಯಬೇಕು. ಬದುಕಿದರೂ ಬದುಕೀತು. ಒಳಗೇ ಬಿಟ್ಟರೆ ಅಷ್ಟು ಆಸೆಯೂ ಇಲ್ಲ.

ರಘುಪತಿ ಗೋಡೆಗೆ ಒರಗಿ ನಿಂತಿದ್ದ. ಅವನ ತಾಯಿ ಸುಗುಣಮ್ಮ ಬೆಂಚಿನ ಮೇಲೆ ಕಣ್ಣುಮುಚ್ಚಿ ಕುಳಿತು ತುಟಿಯಲ್ಲೇ ಜಪ ಮಾಡುತ್ತಿದ್ದರು.

ವೇದಾವತಿ ಒಳಗೆ ಹೋಗಿ ತಂಗಿಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಕೂಡಲೇ ಅಂಗೈಗೆ ಒಂದು ಒದೆ ಬಿತ್ತು, ಹಿಂದೆಯೇ ಇನ್ನೊಂದು. ಸೋಲುತ್ತಿರುವ ಮಗುವಿನ ಒದೆಯಾಗಿರಲಿಲ್ಲ ಅದು.

"ಬೆಳಿಗ್ಗೆಯಿಂದ ಹೀಗೇ," ಎಂದಳು ಶ್ರೀವಾಣಿ. "ಇಷ್ಟು ಒದೆಯುವ ಮಗು ಸಾಯ್ತಾ ಉಂಟು ಅಂತಾರಲ್ಲ ಅಕ್ಕ, ಅದು ಹೇಗೆ?"

ಆ ಪ್ರಶ್ನೆ ವೇದಾವತಿಯನ್ನು ಬಿಡಲಿಲ್ಲ. ಅವಳು ಬಾಪಟರ ಹತ್ತಿರ ಒಂದು ದಿನದ ಗಡುವು ಕೇಳಿದಳು. ಲ್ಯಾಬಿನಲ್ಲಿ ತಪ್ಪಾಗಿರಬಹುದು, ತಾನೇ ಮತ್ತೊಮ್ಮೆ ಅಳೆಯುತ್ತೇನೆ ಎಂದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಎದೆಬಡಿತವನ್ನು ಬಿಡದೆ ನೋಡುತ್ತಿರುತ್ತೇವೆ, ಸ್ವಲ್ಪ ಏರುಪೇರಾದರೂ ನಿಮಗಾಗಿ ಕಾಯುವುದಿಲ್ಲ ಎಂದು ಹೇಳಿ ಒಪ್ಪಿದರು.

ತಂಗಿಯ ರಕ್ತದ ಶೀಶೆಯನ್ನು ಥರ್ಮಾಸಿನಲ್ಲಿಟ್ಟುಕೊಂಡು ಅವಳು ಠಾಣೆಗೆ ಮರಳಿದಳು. ಮರುದಿನ ಮಧ್ಯಾಹ್ನದೊಳಗೆ ಅವಳದೇ ಯಂತ್ರದಿಂದ ಉತ್ತರ ಬಂತು. ಮುಂಬಯಿಯ ಲ್ಯಾಬಿನಲ್ಲಿ ತಪ್ಪಾಗಿರಲಿಲ್ಲ.

ವೇದಾವತಿ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಆಚೆ ಕಟ್ಟಡದಿಂದ ಮಂಗಗಳ ಕಿರಿಚಾಟ ಕೇಳುತ್ತಿತ್ತು. ಹಿಂದಿನ ವರ್ಷ ಕೇಂದ್ರದಲ್ಲಿ ಒಂದು ಬಸುರಿ ಮಂಗಕ್ಕೆ ಔಷಧಿ ಕೊಟ್ಟು, ಮರಿಯಿಂದ ಮಾಸಿಗೆ ಹೋಗುವ ಕಚ್ಚಾವಸ್ತುವನ್ನು ತಡೆದಿದ್ದರು. ಹಾರ್ಮೋನು ನೆಲಕಚ್ಚಿತು. ಮರಿ ಮಾತ್ರ ಏನೂ ಆಗದವರ ಹಾಗೆ ಬೆಳೆಯಿತು. ಆದರೆ ದಿನ ತುಂಬಿದರೂ ತಾಯಿಗೆ ನೋವು ಬರಲಿಲ್ಲ. ಹೆರುವುದನ್ನೇ ಮರೆತವಳಂತೆ ಪಂಜರದ ಮೂಲೆಯಲ್ಲಿ ಕುಳಿತಿತ್ತು. ಅಂದರೆ ಹಾರ್ಮೋನು ಇಲ್ಲ ಎಂದ ಮಾತ್ರಕ್ಕೆ ಮರಿಗೆ ಜೀವವಿಲ್ಲ ಎಂದಲ್ಲ. ಆದರೆ ಶ್ರೀವಾಣಿಗೆ ಅಂಥ ಔಷಧಿ ಯಾರೂ ಕೊಟ್ಟಿರಲಿಲ್ಲ. ಮಗುವಿಗೆ ತಲೆಯೇ ಸರಿಯಾಗಿ ಬೆಳೆಯದಿದ್ದರೂ ಹೀಗಾಗುವುದುಂಟು. ಸೋನೋಗ್ರಫಿಯಲ್ಲಿ ತಲೆ ಗುಂಡಗೆ, ಸರಿಯಾಗಿತ್ತು. ಇನ್ನು ಉಳಿದದ್ದು ಒಂದೇ. ಮಗು ಕಚ್ಚಾವಸ್ತುವನ್ನು ಕಳಿಸುತ್ತಲೇ ಇದೆ, ಅದನ್ನು ಹಾರ್ಮೋನು ಮಾಡುವುದಕ್ಕೆ ಬೇಕಾದ ಒಂದು ಕಿಣ್ವ ಮಾಸಿನಲ್ಲಿ ಇಲ್ಲ. ಅಪರೂಪದ ಕೊರತೆ, ಅವಳು ಓದಿದ್ದಳು, ಕಂಡಿರಲಿಲ್ಲ. ತಾಯಿಯ ಕಡೆಯಿಂದ ಇಳಿದು ಗಂಡುಮಕ್ಕಳಿಗೆ ಬರುತ್ತದೆ. ಮಗುವಿಗೆ ಅದರಿಂದ ಪ್ರಾಣಭಯವಿಲ್ಲ. ಹುಟ್ಟಿದ ಮೇಲೆ ಚರ್ಮ ಮಾತ್ರ ಒಣಗಿ, ಮೀನಿನ ಹುರುಪೆಯ ಹಾಗೆ ಆಗುತ್ತದೆ.

ಅಲ್ಲಿಗೆ ಬಂದು ಅವಳ ಯೋಚನೆ ನಿಂತುಬಿಟ್ಟಿತು. ಲೋಕನಾಥ.

ಲೋಕನಾಥ ಅವಳ ತಮ್ಮ, ಶ್ರೀವಾಣಿಯ ಅಣ್ಣ. ವಾಶಿಯಲ್ಲಿ ಗುಮಾಸ್ತ. ಅವನು ಹುಡುಗನಾಗಿದ್ದಾಗ ಅಮ್ಮ ಬಚ್ಚಲಲ್ಲಿ ಕೂರಿಸಿ, ಕಾಲಿಗೆ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಿದ್ದುದನ್ನು ಇವಳು ಎಷ್ಟು ಸಲ ನೋಡಿಲ್ಲ. ಮೊಣಕಾಲಿನಿಂದ ಕೆಳಗೆ ಕಂದು ಬಣ್ಣದ ಹುರುಪೆ. ಶಾಲೆಯಲ್ಲಿ ಅವನ ಪಕ್ಕ ಕೂರಲು ಒಲ್ಲೆನೆಂದವರಿದ್ದರು. ದೊಡ್ಡವನಾದ ಮೇಲೆ ಅವನು ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಟ್ಟು ಬೇರೆ ತೊಟ್ಟವನಲ್ಲ. ಹತ್ತು ವರ್ಷದಿಂದ ಇದನ್ನೇ ಓದುತ್ತಿದ್ದವಳು, ಸ್ವಂತ ತಮ್ಮನ ಕಾಲನ್ನು ಒಮ್ಮೆಯೂ ಇದಕ್ಕೆ ಸೇರಿಸಿ ನೋಡಿರಲಿಲ್ಲ. ಮನೆಯಲ್ಲಿ ಅದರ ಸುದ್ದಿ ಎತ್ತಬಾರದು ಎಂಬುದು ಅವಳಲ್ಲೂ ಅಷ್ಟು ಆಳಕ್ಕೆ ಇಳಿದಿತ್ತು.

ಅವಳು ನೇರ ಡೊಂಬಿವಲಿಯ ಮನೆಗೆ ಹೋದಳು. ವಾರಿಜಮ್ಮ ಬಾಗಿಲಲ್ಲೇ ನಿಂತಿದ್ದರು. ಮಗಳು ಕೇಳಿದ ಪ್ರಶ್ನೆಗೆ ಅವರ ಮುಖ ಬಿಗಿಯಿತು. ಲೋಕನಾಥನನ್ನು ಹೆತ್ತ ಕಥೆ ಈಗ ಯಾಕೆ ಎಂದರು. ಬಿಡದೆ ಕೇಳಿದ ಮೇಲೆ ಒಂದೊಂದಾಗಿ ಹೇಳಿದರು. ದಿನ ತುಂಬಿ ಎರಡು ವಾರ ಕಳೆದರೂ ನೋವು ಬಂದಿರಲಿಲ್ಲವಂತೆ. ಕಷಾಯ ಕುಡಿಸಿದರು, ನಡೆಸಿದರು. ಕೊನೆಗೆ ಉಡುಪಿಯ ಆಸ್ಪತ್ರೆಯಲ್ಲಿ ಇಕ್ಕಳ ಹಾಕಿ ಎಳೆದರು. ವೇದಾವತಿಗೂ ಶ್ರೀವಾಣಿಗೂ ಹಾಗಿರಲಿಲ್ಲ. ಇಬ್ಬರೂ ಹೊತ್ತಿಗೆ ಸರಿಯಾಗಿ ಹುಟ್ಟಿದವರು. ಇನ್ನೂ ಕೆದಕಿದಾಗ ತಮ್ಮ ಅಣ್ಣ ಪುಂಡರೀಕಾಕ್ಷನ ಹೆಸರೆತ್ತಿದರು. ಅವನ ಮೈಯೂ ಹಾಗೇ ಇತ್ತು. ಅದಕ್ಕೇ ಅವನಿಗೆ ಯಾರೂ ಹೆಣ್ಣು ಕೊಡಲಿಲ್ಲ.

ವೇದಾವತಿ ಎದ್ದು ನಿಂತಳು. ಇದನ್ನು ಡಾಕ್ಟರಿಗೂ ರಘುಪತಿಗೂ ಈಗಲೇ ಹೇಳಬೇಕು ಎಂದಳು.

ವಾರಿಜಮ್ಮ ಅವಳ ಕೈ ಹಿಡಿದುಕೊಂಡರು. "ಬೇಡ ವೇದಾ. ಶ್ರೀವಾಣಿಯ ಮದುವೆಯಲ್ಲಿ ನಾವು ಇದನ್ನು ಹೇಳ್ಲಿಲ್ಲ. ಈಗ ಲೋಕನಾಥನಿಗೂ ಒಂದು ಕಡೆ ಮಾತು ನಡೀತಾ ಉಂಟು, ಅವರು ಸುಗುಣಮ್ಮನ ನೆಂಟರೇ. ಹೇಳಿದ್ರೆ ಎರಡು ಮನೆಯೂ ಹಾಳಾಗ್ತದೆ."

"ಹೇಳದಿದ್ರೆ ಇವತ್ತು ಸಾಯಂಕಾಲ ಮಗುವನ್ನು ಹೊರಗೆ ತೆಗೀತಾರಮ್ಮ. ಅದರ ಶ್ವಾಸಕೋಶ ಇನ್ನೂ ಬಲಿತಿಲ್ಲ."

"ನೀನು ಹೇಳಿದ್ದೇ ಸರಿ ಅಂತ ಗ್ಯಾರಂಟಿ ಉಂಟಾ ನಿಂಗೆ?"

ಇರಲಿಲ್ಲ. ಅದನ್ನು ಅವಳು ಅಮ್ಮನಿಗೆ ಹೇಳಲಿಲ್ಲ. ಲೋಕನಾಥನನ್ನು ಕೇಳದೆ ಬಾಯಿ ಬಿಡುವುದಿಲ್ಲ ಎಂದಷ್ಟೇ ಹೇಳಿ, ಕೆಳಗಿನ ಎಸ್‌ಟಿಡಿ ಅಂಗಡಿಯಿಂದ ವಾಶಿಗೆ ಫೋನು ಮಾಡಿದಳು. ಲೋಕನಾಥನಿಗೆ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು.

"ನೀನು ಹೇಳಿದ್ರೆ ನಂಬ್ಲಿಕ್ಕಿಲ್ಲ ಅಕ್ಕ," ಎಂದ ಅವನು ಕೊನೆಗೆ. "ನಾನೇ ಬರ್ತೇನೆ."

ವಾಶಿಯಿಂದ ಬಸ್ಸಿನಲ್ಲಿ ಠಾಣೆಗೆ, ಅಲ್ಲಿಂದ ಲೋಕಲಿನಲ್ಲಿ ಕಲ್ಯಾಣಕ್ಕೆ ಅವನು ಬರುವಷ್ಟರಲ್ಲಿ ಡಾಕ್ಟರು ಕೊಟ್ಟ ಗಡುವು ಮುಗಿಯುತ್ತ ಬಂದಿತ್ತು. ನರ್ಸು ಶ್ರೀವಾಣಿಯನ್ನು ಆಪರೇಶನ್ನಿಗೆ ಸಿದ್ಧ ಮಾಡಿ ಹಸಿರು ಗೌನು ತೊಡಿಸಿದ್ದಳು. ವೇದಾವತಿ ಬಾಪಟರ ಕೋಣೆಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿ, ಬಾಗಿಲನ್ನೇ ನೋಡುತ್ತಿದ್ದಳು. ಲೋಕನಾಥ ನೆನೆದ ಮೈಯಲ್ಲೇ ಒಳಗೆ ಬಂದ. ರಘುಪತಿ, ಸುಗುಣಮ್ಮ ಇಬ್ಬರೂ ಅಲ್ಲಿದ್ದರು. ಅವನು ಯಾರ ಮುಖವನ್ನೂ ನೋಡದೆ ಕುರ್ಚಿಯಲ್ಲಿ ಕುಳಿತು, ಬಗ್ಗಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. ಆಮೇಲೆ ಎರಡೂ ತೋಳುಗಳನ್ನು ಮಡಚಿದ.

ಬಾಪಟ್ ಎದ್ದು ಬಂದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಆ ಕಾಲನ್ನು ಮುಟ್ಟಿ ನೋಡಿದರು. ಬೆರಳಿನಿಂದ ಮೆಲ್ಲಗೆ ಕೆರೆದರು. ಹುಟ್ಟಿದಾಗಿನಿಂದಲೇ ಇದೆಯೇ, ಬೇಸಗೆಯಲ್ಲಿ ಕಡಿಮೆಯಾಗುತ್ತದೆಯೇ, ಅಂಗೈ ಅಂಗಾಲಿಗೆ ಇಲ್ಲವಷ್ಟೇ ಎಂದು ಕೇಳಿದರು. ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. ಸುಗುಣಮ್ಮ ಎದ್ದು ಹೊರಗೆ ಹೋದರು.

ರಘುಪತಿ ವೇದಾವತಿಯ ಕಡೆ ತಿರುಗಿದ. "ಇದು ಮದುವೆಗೆ ಮುಂಚೆಯೇ ನಿಮಗೆಲ್ಲ ಗೊತ್ತಿತ್ತು."

"ಚರ್ಮ ಹೀಗಿದೆ ಅಂತ ಗೊತ್ತಿತ್ತು. ಅದು ಹೀಗೆ ಇಳಿದು ಬರ್ತದೆ ಅಂತ ಇವತ್ತಿನವರೆಗೆ ನನಗೂ ಹೊಳೀಲಿಲ್ಲ ಭಾವ. ನಿಮ್ಮಿಂದ ಮುಚ್ಚಿಟ್ಟದ್ದು ಮಾತ್ರ ಹೌದು."

ಈಗ ಜಗಳಕ್ಕೆ ಹೊತ್ತಿರಲಿಲ್ಲ. ಒಳಗೆ ಏನು ನಡೆಯುತ್ತಿದೆ, ಸರಿಯಾಗಿ ಹೇಳಿ ಎಂದ. ವೇದಾವತಿ ಅವನಿಗೆ ತಿಳಿಯುವ ಹಾಗೆ ಹೇಳಲು ನೋಡಿದಳು. ಹೋಟೆಲಿಗೆ ಅಕ್ಕಿ, ಉದ್ದು ಸರಿಯಾಗಿ ಬರುತ್ತಿದೆ, ರುಬ್ಬುವ ಗ್ರೈಂಡರ್ ಕೆಟ್ಟಿದೆ ಎಂದುಕೊಳ್ಳಿ. ದೋಸೆ ಇಲ್ಲವೆಂದು ಕಂಡವರು ಅಕ್ಕಿಯೇ ಮುಗಿದಿದೆ ಎಂದು ತಿಳಿಯುತ್ತಾರೆ. ಡಾಕ್ಟರು ಓದಿದ್ದರಲ್ಲಿ ತಪ್ಪಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಕಡೆ ಅಕ್ಕಿಯೇ ಮುಗಿದಿರುತ್ತದೆ. ಇಲ್ಲಿ ಹಾಗಲ್ಲ ಎಂದು ತನಗೆ ಅನಿಸುತ್ತದೆ.

ಬಾಪಟ್ ಕೈ ತೊಳೆದುಕೊಂಡು ಬಂದು ಕುಳಿತರು. ಇದನ್ನು ತಾನೂ ಪುಸ್ತಕದಲ್ಲಿ ಓದಿದ್ದೇನೆ, ಇಷ್ಟು ವರ್ಷದಲ್ಲಿ ಒಂದನ್ನೂ ಕಂಡಿಲ್ಲ ಎಂದರು. ಆಮೇಲೆ, "ನೀವು ಹೇಳಿದ್ದು ತಪ್ಪಾದರೆ?" ಎಂದು ಕೇಳಿದರು.

"ಮಗು ಹೋಗುತ್ತದೆ," ಎಂದಳು ವೇದಾವತಿ.

ಬಾಗಿಲಲ್ಲಿ ಹಸಿರು ಗೌನಿನ ಶ್ರೀವಾಣಿ ನಿಂತಿದ್ದಳು. ಯಾವಾಗ ಎದ್ದು ಬಂದಳೋ, ನರ್ಸು ಅವಳ ಹಿಂದೆ ಓಡಿಬರುತ್ತಿದ್ದಳು.

"ಎಲ್ಲರೂ ಸೇರಿ ಮಾತಾಡ್ತಿದ್ದೀರಿ. ನನ್ನನ್ನೊಂದು ಕೇಳಿ," ಎಂದಳು ಶ್ರೀವಾಣಿ. "ಹೋದ ಸಲ ಸಾಯುವ ಮೊದಲು ಅದು ಒದೆಯುವುದನ್ನು ನಿಲ್ಲಿಸಿತ್ತು. ನನಗೆ ಗೊತ್ತಾಗಿತ್ತು, ನಾನು ಯಾರಿಗೂ ಹೇಳ್ಲಿಲ್ಲ. ಈ ಮಗು ಒದೀತಾ ಉಂಟು. ನಾನು ಕಾಯ್ತೇನೆ."

ರಘುಪತಿ ಅವಳನ್ನು ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ ಆಗಲಿ ಎಂದು ತಲೆಯಾಡಿಸಿದ.

ಅಂದಿನಿಂದ ಕಾಯುವುದು ಶುರುವಾಯಿತು. ವೇದಾವತಿ ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಮೊದಲು ಕಲ್ಯಾಣದ ತಂಗಿಯ ಮನೆಗೆ ಹೋಗಿ, ಅವಳ ಹೊಟ್ಟೆಗೆ ಕೊಳವೆಯಿಟ್ಟು ಎದೆಬಡಿತ ಕೇಳಿ, ಅಲ್ಲಿಂದ ಜನರ ನೂಕುನುಗ್ಗಲಿನಲ್ಲಿ ಠಾಣೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಗಾಡಿ ಠಾಕುರ್ಲಿ ಸ್ಟೇಷನ್ ದಾಟುವಾಗ ಪ್ರತಿದಿನವೂ ಅವಳಿಗೆ ಅದೇ ಯೋಚನೆ. ಇವತ್ತು ಕೊಳವೆಯಲ್ಲಿ ಏನೂ ಕೇಳಿಸದಿದ್ದರೆ? ರಘುಪತಿ ಬಾಗಿಲು ತೆರೆದು, ಮಾತಿಲ್ಲದೆ ಒಳಗೆ ಬಿಡುತ್ತಿದ್ದ. ಕೇಳಿ ಮುಗಿದ ಮೇಲೆ ಅವಳ ಮುಖ ನೋಡುತ್ತಿದ್ದ. ಸರಿಯಿದೆ ಎಂದು ಅವಳು ತಲೆಯಾಡಿಸಿದರೆ ಹೋಟೆಲಿಗೆ ಹೊರಟುಬಿಡುತ್ತಿದ್ದ. ಸುಗುಣಮ್ಮ ಅವಳಿಗೆ ನೀರು ಬೇಕೇ ಎಂದೂ ಕೇಳುತ್ತಿರಲಿಲ್ಲ. ಲೋಕನಾಥನ ಮದುವೆಯ ಮಾತು ಒಂದು ವಾರದಲ್ಲೇ ಮುರಿದುಬಿತ್ತು. ಹುಡುಗಿಯ ಮನೆಯವರು ಕಾರಣ ಹೇಳಲಿಲ್ಲ, ಇವರು ಕೇಳಲೂ ಇಲ್ಲ. ವಾರಿಜಮ್ಮ ಆ ದಿನ ಒಲೆ ಹಚ್ಚಲಿಲ್ಲ. ಮಗಳೊಂದಿಗೆ ಮಾತು ಬಿಟ್ಟರು. ತಟ್ಟೆ ಮಾತ್ರ ಮುಂದೆ ತಂದಿಡುತ್ತಿದ್ದರು.

ಒಂದು ಭಾನುವಾರ, ಅವಳು ಇನ್ನೂ ಮನೆಯಲ್ಲಿದ್ದಾಗ, ಹತ್ತು ಗಂಟೆಯ ಹೊತ್ತಿಗೆ ಮೇಲಿನ ಮನೆಯವರ ಫೋನಿಗೆ ಕರೆ ಬಂತು. ಬೆಳಿಗ್ಗೆ ಎದ್ದಾಗಿನಿಂದ ಮಗು ಅಲ್ಲಾಡಿಲ್ಲ, ನರ್ಸಿಂಗ್ ಹೋಮಿಗೆ ಕರೆದೊಯ್ಯುತ್ತಿದ್ದೇನೆ ಎಂದ ರಘುಪತಿ. ವೇದಾವತಿಗೆ ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ. ಹಳಿಯ ಮೇಲೆ ನೀರು ನಿಂತು ಗಾಡಿಗಳು ನಿಂತಿದ್ದವು. ರಿಕ್ಷಾದವನು ಕಲ್ಯಾಣಕ್ಕೆ ಒಲ್ಲೆ ಎಂದ; ಅವಳು ಅವನೆದುರು ಕೈಮುಗಿದಳು. ಮೊಣಕಾಲುದ್ದದ ನೀರಿನಲ್ಲಿ ರಿಕ್ಷಾ ತೆವಳುವಾಗ ಅವಳು ಮನಸ್ಸಿನಲ್ಲಿ ಪ್ರತಿಯೊಂದು ಹೆಜ್ಜೆಯನ್ನೂ ಮತ್ತೆ ಲೆಕ್ಕ ಹಾಕಿದಳು. ರಕ್ತದ ಅಂಕಿ, ಮಂಗದ ಮರಿ, ತಮ್ಮನ ಕಾಲು. ಎಲ್ಲವೂ ಕೂಡುತ್ತಿತ್ತು. ಆದರೂ ಕೂಡಿದ್ದೆಲ್ಲ ನಿಜವಾಗಲೇಬೇಕೆಂದಿಲ್ಲವಲ್ಲ. ತಮ್ಮನ ಬದುಕನ್ನು ಬೀದಿಗೆ ತಂದು, ತಂಗಿಯ ಮಗುವನ್ನೂ ಕೊಂದೆನೇ ಎಂದು ಅವಳಿಗೆ ಅನ್ನಿಸಿತು.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ರಘುಪತಿ ನಿಂತಿದ್ದ. ಅವನ ಮುಖದಿಂದ ಏನೂ ತಿಳಿಯಲಿಲ್ಲ. ಒಳಗಿನಿಂದ ಎದೆಬಡಿತದ ಯಂತ್ರದ ಸದ್ದು ಕೇಳಿತು, ಕುದುರೆಯ ಓಟದ ಹಾಗೆ ಟಕಟಕ ಎಂದು. ಮಗು ನಿದ್ದೆ ಮಾಡುತ್ತಿತ್ತು, ಅಷ್ಟೇ. ಈಗ ಎದ್ದಿದೆ ಎಂದರು ಬಾಪಟ್. ವೇದಾವತಿ ಹೊರಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ರಘುಪತಿ ಒಂದು ಲೋಟ ಚಹಾ ತಂದು ಅವಳ ಪಕ್ಕದಲ್ಲಿಟ್ಟು ಒಳಗೆ ಹೋದ.

ದಿನ ತುಂಬಿತು. ಶ್ರೀವಾಣಿಗೆ ನೋವು ಬರಲಿಲ್ಲ. ಒಂದು ವಾರ ಕಳೆದರೂ ಅದರ ಸುಳಿವೇ ಇಲ್ಲ. ಸುಗುಣಮ್ಮ ಹರಳೆಣ್ಣೆ ಕುಡಿಸೋಣ ಎಂದರು. ನೆರೆಯವರು ಮೆಟ್ಟಿಲು ಹತ್ತಿಸಿ ಎಂದರು. ವಿಚಿತ್ರವೆಂದರೆ, ಇಷ್ಟು ದಿನ ಆತುರಪಟ್ಟ ಬಾಪಟ್ ಈಗ ನಿರಾಳವಾಗಿದ್ದರು. ಮಗು ಚೆನ್ನಾಗಿದೆ, ನಿಮ್ಮ ಮಾತೇ ನಿಜವಾಯಿತಲ್ಲ, ಇನ್ನು ನೋವು ತಾನಾಗಿ ಬರಲಿ, ಕಾಯೋಣ ಎಂದರು.

"ಬರೋದಿಲ್ಲ ಡಾಕ್ಟರ್," ಎಂದಳು ವೇದಾವತಿ. ಇಷ್ಟು ದಿನ ಕಾಯಿರಿ ಎಂದವಳೇ ಈಗ ಕಾಯಬೇಡಿ ಎನ್ನಬೇಕಾಗಿತ್ತು. ಆ ಹಾರ್ಮೋನೇ ಗರ್ಭಕೋಶವನ್ನು ಹೆರಿಗೆಗೆ ಹದ ಮಾಡುವುದು, ಗರ್ಭದ ಬಾಯನ್ನು ಮೆತ್ತಗೆ ಮಾಡುವುದರಲ್ಲೂ ಅದಕ್ಕೆ ಪಾಲಿದೆ ಎಂದು ವಿವರಿಸಿದಳು. ಅದಿಲ್ಲದೆ ಗರ್ಭಕೋಶ ಕರೆಯನ್ನು ಕೇಳುವುದೇ ಇಲ್ಲ. ಇತ್ತ ಮಾಸಿಗೆ ವಯಸ್ಸಾಗುತ್ತಿದೆ. ಮೊದಲು ಹೊರಗೆ ತೆಗೆಯುವುದು ಅಪಾಯವಾಗಿತ್ತು, ಈಗ ಒಳಗೆ ಬಿಡುವುದು ಅಪಾಯ. ಬಾಪಟ್ ಮರುಮಾತಾಡದೆ ಶ್ರೀವಾಣಿಯನ್ನು ಮರುದಿನ ಬೆಳಿಗ್ಗೆಗೆ ಬರಹೇಳಿದರು.

ಬೆಳಿಗ್ಗೆ ಗರ್ಭದ ಬಾಯಿಗೆ ಔಷಧಿಯ ಜೆಲ್ ಹಚ್ಚಿ, ಕೆಲವು ಗಂಟೆ ಬಿಟ್ಟು ಡ್ರಿಪ್ ಏರಿಸಿದರು. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಡ್ರಿಪ್ ಜಾಸ್ತಿ ಮಾಡಿದರು. ಆಮೇಲೆ ನೋವು ಬಂತು, ಆದರೆ ಹೆರಿಗೆಯ ನೋವಿನ ಲಯವಿರಲಿಲ್ಲ ಅದಕ್ಕೆ. ಒಮ್ಮೆ ಬಂದರೆ ಬಿಡದೆ ಹಿಂಡುತ್ತಿತ್ತು. ಗರ್ಭದ ಬಾಯಿ ಹಟ ಹಿಡಿದಂತೆ ಮುಚ್ಚಿಯೇ ಇತ್ತು. ಶ್ರೀವಾಣಿ ಅಕ್ಕನ ಕೈಯನ್ನು ಹಿಡಿದ ಹಿಡಿತಕ್ಕೆ ಉಗುರು ಒಳಗಿಳಿದವು. ಯಂತ್ರದ ಟಕಟಕ ಒಂದೊಂದು ನೋವಿಗೂ ನಿಧಾನವಾಗಿ, ಆಮೇಲೆ ಹೇಗೋ ಚೇತರಿಸಿಕೊಳ್ಳುತ್ತಿತ್ತು. ಮೂರು ಸಲ ಹಾಗಾಯಿತು. ನಾಲ್ಕನೆಯ ಸಲ ಚೇತರಿಸಲಿಲ್ಲ.

ಡ್ರಿಪ್ ನಿಲ್ಲಿಸಿ, ಟೇಬಲ್ ರೆಡಿ ಮಾಡಿ ಎಂದರು ಬಾಪಟ್. ಗಾಲಿಮಂಚ ಹೊರಟಿತು. ಬಾಗಿಲು ಮುಚ್ಚುವಾಗ ಶ್ರೀವಾಣಿ ತಲೆ ತಿರುಗಿಸಿ ನೋಡಿದ್ದು ಗಂಡನನ್ನೋ ಅಕ್ಕನನ್ನೋ ತಿಳಿಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಎಲ್ಲರೂ ಇದ್ದರು. ವಾರಿಜಮ್ಮ ಬಂದಿದ್ದರು, ಲೋಕನಾಥ ವಾಶಿಯಿಂದ ಬಂದು ಕಿಟಕಿಯ ಹತ್ತಿರ ನಿಂತಿದ್ದ. ರಘುಪತಿ ಹೋಗಿ ಅವನ ಪಕ್ಕ ನಿಂತ. ಇಬ್ಬರೂ ಹೊರಗಿನ ಮಳೆ ನೋಡುತ್ತಿದ್ದರು. ವೇದಾವತಿ ಒಂದು ಸದ್ದಿಗಾಗಿ ಕಿವಿಗೊಟ್ಟು ಕುಳಿತಿದ್ದಳು. ನರ್ಸು ಒಮ್ಮೆ ಹೊರಗೆ ಓಡಿಬಂದು ಏನನ್ನೋ ತೆಗೆದುಕೊಂಡು ಒಳಗೆ ಹೋದಳು. ಅವಳನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಒಳಗಿನಿಂದ ಕೆಮ್ಮಿದಂಥ ಒಂದು ಸದ್ದು. ಸ್ವಲ್ಪ ಹೊತ್ತು ಮತ್ತೇನಿಲ್ಲ. ಆಮೇಲೆ ಅಳು, ಗಟ್ಟಿಯಾಗಿ, ಸಿಟ್ಟು ಬಂದವರ ಹಾಗೆ.

ಗಂಡು ಮಗು. ತೂಕವೂ ಸರಿಯಿತ್ತು. ಬಾಪಟ್ ಟೋಪಿ ತೆಗೆಯುತ್ತ ಹೊರಬಂದು, "ಬಾಳ ಏಕದಂ ಠೀಕ್ ಆಹೆ," ಮಗು ಪೂರ್ತಿ ಚೆನ್ನಾಗಿದೆ ಎಂದರು. ಮಾಸಿನ ಒಂದು ತುಂಡನ್ನು ಐಸಿನಲ್ಲಿಟ್ಟು ವೇದಾವತಿಯ ಕೈಗೆ ಕೊಟ್ಟರು. ಎರಡು ದಿನದ ನಂತರ ಅವಳು ಅದನ್ನು ಪರೀಕ್ಷಿಸಿ, ಆ ಕಿಣ್ವ ಅದರಲ್ಲಿ ಇಲ್ಲವೇ ಇಲ್ಲ ಎಂದು ಅವರಿಗೆ ಫೋನು ಮಾಡಿ ಹೇಳಿದಳು.

ಮಗುವಿನ ಮೈ ಮೊದಲು ನುಣುಪಾಗಿಯೇ ಇತ್ತು. ಸುಗುಣಮ್ಮ ದಿನಾ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತಿಂಗಳು ತುಂಬುವಾಗ ಮೊಣಕಾಲಿನ ಕೆಳಗೆ ತೆಳ್ಳಗೆ ಬಿಳಿ ಹುರುಪೆ ಕಂಡಿತು. ಆ ಮಧ್ಯಾಹ್ನ ವೇದಾವತಿ ಅಲ್ಲಿದ್ದಳು. ಸುಗುಣಮ್ಮ ಮಗುವನ್ನು ಶ್ರೀವಾಣಿಯ ಮಡಿಲಿಗೆ ಇಟ್ಟು, ಇದು ನಿಮ್ಮ ಮನೆಯಿಂದ ಬಂದದ್ದು ಎಂದರು.

"ಹೌದು ಅತ್ತೆ, ನನ್ನಿಂದ ಬಂದದ್ದೇ," ಎಂದಳು ಶ್ರೀವಾಣಿ. "ಬೇಡದಿದ್ದರೆ ಹೇಳಿ."

ಸುಗುಣಮ್ಮ ಎದ್ದು ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ಸದ್ದು ಮಾಡಿದರು. ಮರಳಿ ಬಂದಾಗ ಅವರ ಕೈಯಲ್ಲಿ ಬಿಸಿಮಾಡಿದ ಎಣ್ಣೆಯ ಬಟ್ಟಲಿತ್ತು. ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರು.

ರಘುಪತಿಗೆ ಅತ್ತೆಯ ಮನೆಯವರ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ. ವಾರಿಜಮ್ಮನೊಡನೆ ಅವನು ಆಮೇಲೂ ಎಷ್ಟು ಬೇಕೋ ಅಷ್ಟೇ ಮಾತಾಡಿದ. ಆದರೆ ಮಗುವನ್ನು ಮೊದಲ ಸಲ ಚರ್ಮದ ಡಾಕ್ಟರ ಹತ್ತಿರ ಒಯ್ಯುವಾಗ ಅವನು ವಾಶಿಗೆ ಫೋನು ಮಾಡಿ ಲೋಕನಾಥನನ್ನು ಕರೆಸಿಕೊಂಡ. ಏನು ಕೇಳಬೇಕು ಎಂದು ನಿಮಗೇ ಗೊತ್ತಿರೋದು, ಬನ್ನಿ ಎಂದನಂತೆ.

ಆ ಮಧ್ಯಾಹ್ನ ಎಣ್ಣೆ ಹಚ್ಚಿಸಿಕೊಂಡ ಮಗು ನಿದ್ದೆಹೋದ ಮೇಲೆ ಶ್ರೀವಾಣಿ ಅಕ್ಕನ ಹತ್ತಿರ ಸರಿದು ಕುಳಿತಳು. "ಕಾಯುವಾಗ ನಿಂಗೆ ಹೆದರಿಕೆ ಆಗ್ತಿತ್ತಾ ಅಕ್ಕ? ನಿನ್ನ ಮುಖ ನೋಡಿ ನಾನು ಧೈರ್ಯ ತಂದುಕೊಳ್ತಿದ್ದೆ."

ವೇದಾವತಿಗೆ ಸುಳ್ಳು ಹೇಳುವುದು ಸುಲಭವಿತ್ತು.

"ದಿನಾ ಆಗ್ತಿತ್ತು," ಎಂದಳು. "ಕೊಳವೆ ಹೊಟ್ಟೆಗೆ ಇಡುವ ಮೊದಲು ಪ್ರತಿಸಲವೂ."

ಶ್ರೀವಾಣಿ ತಲೆಯನ್ನು ಅವಳ ಹೆಗಲಿಗೆ ಆನಿಸಿದಳು. ಸುಗುಣಮ್ಮ ಬಾಗಿಲಲ್ಲಿ ನಿಂತು, ಮಗು ಮಲಗಿದಾಗಲೇ ಇಬ್ಬರೂ ಊಟ ಮಾಡಿಬಿಡಿ ಎಂದು ಕರೆದರು.